ಕಾಸದೆ ಹೋದ ನಾಲ್ಕು ಬೋಲ್ಟು

ಕಾಜಿಕ್ ಡುಲೆಕ್ ಹೆದರುಪುಕ್ಕಲ ಎಂಬುದು ಬೇ ಸಿಟಿಯ ದಕ್ಷಿಣದ ಬೀದಿಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಜೆ ಅಂಗಡಿಗೆ ಬೀಗ ಹಾಕಿ ಬೀದಿಯ ಮೂಲೆಯವರೆಗೆ ಹೋಗುವನು, ತಿರುಗಿ ಬಂದು ಬೀಗ ಜಗ್ಗಿ ನೋಡುವನು, ಮತ್ತೆ ಮೂಲೆಯವರೆಗೆ ಹೋಗುವನು, ಮತ್ತೆ ಬರುವನು. ಎದುರಿನ ಬೇಕರಿಯ ಹೆಂಗಸರು ಕಿಟಕಿಯಲ್ಲಿ ನಿಂತು ಎಣಿಸುತ್ತಿದ್ದರು.

"ಇವತ್ತು ಮೂರೇ ಸಲ ಕಣ್ರೇ. ಮೈಗೆ ಹುಷಾರಿಲ್ವೋ ಏನೋ."

"ಅವನ ನೆರಳು ಒಳಗೇ ಉಳ್ಕೊಂಡಿರುತ್ತೆ. ಅದಕ್ಕೂ ಒಂದು ಬೀಗ ಹಾಕೋಕೆ ಬರ್ತಾನೆ."

ನಾನು ಆ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ನನ್ನ ಗಂಡ ತೀರಿಕೊಂಡ ಚಳಿಗಾಲದಲ್ಲಿ ಸೇರಿದವಳು. ಕಾಜಿಕ್‌ಗಿಂತ ನಾನು ಹನ್ನೊಂದು ವರ್ಷ ದೊಡ್ಡವಳು. ಅವನು ಯಜಮಾನ, ನಾನು ಕೆಲಸದವಳು. ಆದರೂ ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವನು ನನ್ನನ್ನು ಕಡೆಯವರೆಗೂ ಪಾನಿ ಲಿಸೆಕ್ ಎಂದ. ನಮ್ಮ ಪೋಲಿಷ್ ಬೀದಿಗಳಲ್ಲಿ ಹಿರಿಯ ಹೆಂಗಸಿಗೆ ಹಾಗೇ ಅನ್ನುವುದು.

ಅಂಗಡಿಯ ಕೆಲಸ ಬೋಲ್ಟು, ನಟ್ಟು, ಕೀಲು, ಸ್ಪ್ರಿಂಗುಗಳಿಗೆ ಪ್ಲೇಟಿಂಗ್ ಮಾಡುವುದು, ಎಂದರೆ ತೊಟ್ಟಿಯಲ್ಲಿ ಅದ್ದಿ ತೆಳ್ಳನೆಯ ಲೋಹದ ಲೇಪ ಕೊಡುವುದು. ಹಳೆಯ ಕಾರುಗಳನ್ನು ಬಿಚ್ಚಿ, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮತ್ತೆ ಜೋಡಿಸುವ ಗೀಳಿನವರು ಮಿಶಿಗನ್ನಿನ ಮೂಲೆಮೂಲೆಯಿಂದ ನಮ್ಮಲ್ಲಿಗೆ ಬರುತ್ತಿದ್ದರು. ಯಾವ ಬೋಲ್ಟು ಬೆಳ್ಳಗೆ ಹೊಳೆಯಬೇಕು, ಯಾವುದು ಎಣ್ಣೆಗಪ್ಪಾಗಿರಬೇಕು, ಯಾವುದು ಹಳದಿ, ಇದರಲ್ಲಿ ಅವರಿಗೆ ತಪ್ಪು ಆಗಕೂಡದು. ಪ್ರದರ್ಶನದಲ್ಲಿ ತೀರ್ಪುಗಾರರು ಕೋಲಿಗೆ ಕಟ್ಟಿದ ಕನ್ನಡಿ ಹಿಡಿದು ಕಾರಿನ ಅಡಿಗೆ ಇಣುಕುತ್ತಾರೆ. ಒಂದು ಬೋಲ್ಟಿನ ಮೆರುಗು ತಪ್ಪಿದರೆ ಒಂದು ಅಂಕ ಹೋಯಿತು.

ಬೋಲ್ಟುಗಳನ್ನು ತಂತಿಗೆ ಕಟ್ಟುವುದು ನನ್ನ ಕೆಲಸ. ಒಂದಕ್ಕೊಂದು ತಾಗಬಾರದು, ತಂತಿಯ ಗುರುತು ಕಾಣುವ ಕಡೆ ಬೀಳಬಾರದು. ಇನ್ನೊಂದು ಕೆಲಸ ಒಲೆಯದ್ದು. ತಲೆಯ ಮೇಲೆ ಆರು ಗೀರು ಇರುವ ಬೋಲ್ಟು ಗಟ್ಟಿ ಉಕ್ಕಿನದು. ಕಾರಿನಲ್ಲಿ ಕೂತವರ ಜೀವ ನಿಂತಿರುವ ಜಾಗಕ್ಕೆ ಅದನ್ನೇ ಹಾಕುತ್ತಾರೆ. ಆಸಿಡ್ಡಿನಲ್ಲಿ ತೊಳೆದು ಪ್ಲೇಟಿಂಗ್ ಮಾಡುವಾಗ ಆ ಗಟ್ಟಿ ಉಕ್ಕಿನೊಳಗೆ ಗಾಳಿಯಂಥದ್ದೊಂದು ಹೊಕ್ಕು ಕೂರುತ್ತದೆ. ತೊಟ್ಟಿಯಿಂದ ತೆಗೆದ ಗಂಟೆಯೊಳಗೆ ಒಲೆಗಿಟ್ಟು ಎಂಟು ಗಂಟೆ ಕಾಸಿದರೆ ಅದು ಹೊರಟುಹೋಗುತ್ತದೆ. ಕಾಸದಿದ್ದರೆ ಬೋಲ್ಟು ನೋಡಲು ಚೆನ್ನಾಗಿಯೇ ಇರುತ್ತದೆ, ಬಿಗಿ ಮಾಡಿದರೂ ಕೂರುತ್ತದೆ. ಎರಡು ದಿನವೋ ನಾಲ್ಕು ದಿನವೋ ಕಳೆದು, ಯಾರೂ ಮುಟ್ಟದೆ, ಗಾಜಿನ ಹಾಗೆ ಮುರಿಯುತ್ತದೆ.

ಒಲೆಗೆ ಒಂದು ಕಂತು ಬೋಲ್ಟು ಇಟ್ಟಾಗಲೆಲ್ಲ ಅದರ ಬಾಗಿಲ ಮೇಲೆ, ಆ ದಿನದ ಸಾಲಿನಲ್ಲಿ, ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದೆ. ಅಕ್ಷರ ಬರೆಯುವುದು ನನಗೆ ನಿಧಾನ. ಸಕ್ಕರೆ ಬೀಟ್ ಹೊಲದಲ್ಲಿ ಕಳೆ ಕೀಳುವುದರಲ್ಲೇ ನನ್ನ ಶಾಲೆ ಮುಗಿದುಹೋಗಿತ್ತು.

ಕಾಜಿಕ್‌ನ ಹೆದರಿಕೆಗೆ ಕಾರಣ ಇತ್ತು. ಅವನ ಅಪ್ಪನೂ ಇದೇ ಕಸುಬಿನವನು. ಪ್ಲೇಟಿಂಗಿನ ಕ್ಯಾಡ್ಮಿಯಂ ತೊಟ್ಟಿಯಲ್ಲಿ ವಿಷ, ಪಕ್ಕದ ತೊಟ್ಟಿಯಲ್ಲಿ ಆಸಿಡ್. ಒಂದರ ನೀರು ಇನ್ನೊಂದಕ್ಕೆ ಬಿದ್ದರೆ ಏಳುವ ಹೊಗೆಗೆ ಆಳು ನಿಂತಲ್ಲೇ ಬೀಳುತ್ತಾನೆ. ಹಾಗೆ ಬಿದ್ದವನೊಬ್ಬನನ್ನು ಅಪ್ಪ ಹೊತ್ತು ಹೊರಗೆ ತಂದಿದ್ದನಂತೆ. ಆ ದಿನ ಮನೆಗೆ ಬಂದವನು ಮೆಟ್ಟಿಲ ಮೇಲೆ ಕೂತ. ಬೂಟಿನ ದಾರ ಬಿಚ್ಚಲು ಅವನ ಕೈಗೆ ಆಗಲಿಲ್ಲ. ಒಂಬತ್ತು ವರ್ಷದ ಕಾಜಿಕ್ ಬಿಚ್ಚಿಕೊಟ್ಟ. ಅದಕ್ಕೇ ನಮ್ಮ ಅಂಗಡಿಯಲ್ಲಿ ಎರಡು ತೊಟ್ಟಿಗಳ ನಡುವೆ ಸೊಂಟದೆತ್ತರದ ಗೋಡೆ ಇತ್ತು. ಅದನ್ನು ಅವನೇ ಕಟ್ಟಿದ್ದ.

ನಮ್ಮ ಹಳೆಯ ಗಿರಾಕಿ ಹಾರ್ಲನ್ ಗ್ರೆಮೆಲ್ ಆ ನಾಲ್ಕು ಬೋಲ್ಟು ತಂದದ್ದು ೧೯೯೧ರ ಆಗಸ್ಟಿನಲ್ಲಿ. ಬೀಟ್ ಹೊಲಗಳ ಕಡೆಯ ಜರ್ಮನ್. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಅವನ ಅಪ್ಪ ೧೯೫೭ರಲ್ಲಿ ಹೊಸದಾಗಿ ಕೊಂಡ ನೀಲಿ ಕಾರು ಇಪ್ಪತ್ತು ವರ್ಷ ಕೊಟ್ಟಿಗೆಯಲ್ಲಿ ಕೋಳಿಗಳ ಕೆಳಗೆ ನಿಂತಿತ್ತು. ಎಂಟು ವರ್ಷದಿಂದ ಅದನ್ನು ಮತ್ತೆ ಹೊಸದು ಮಾಡುತ್ತಿದ್ದ. ಉಳಿದ ಬೋಲ್ಟುಗಳ ಪ್ಲೇಟಿಂಗೆಲ್ಲ ನಮ್ಮಲ್ಲೇ ಮುಗಿದಿತ್ತು. ಸ್ಟೀರಿಂಗಿನ ಪೆಟ್ಟಿಗೆಯನ್ನು ಕಾರಿನ ಚೌಕಟ್ಟಿಗೆ ಹಿಡಿಯುವ ಮೂರು ಬೋಲ್ಟು, ಜೊತೆಗೆ ಒಂದು ಹೆಚ್ಚಿನದು, ಅಷ್ಟೇ ಬಾಕಿ. ನಾಲ್ಕರ ತಲೆಯ ಮೇಲೂ ಆರು ಗೀರು.

"ತೊಳೀಬೇಡ ಕಣಯ್ಯ ಇವನ್ನ," ಎಂದು ಡಬ್ಬಿ ಮೇಜಿನ ಮೇಲಿಟ್ಟ. "ವಾಷರ್ ಅಡಿ ನೋಡು. ಅಲ್ಲಿ ಮಾತ್ರ ಹಳೇ ಬಣ್ಣ ಉಳಿದಿದೆ."

"ಮೂವತ್ತು ವರ್ಷದಿಂದ ಅಲ್ಲೇ ನೋಡ್ತಿರೋದು," ಎಂದ ಕಾಜಿಕ್. "ನೀನು ಹೆಂಡ್ತಿ ಮುಖಕ್ಕಿಂತ ಈ ಬೋಲ್ಟ್ ಮುಖಾನೇ ಜಾಸ್ತಿ ನೋಡಿರ್ಬೇಕು."

"ಅವಳ ಬಣ್ಣ ಗೊತ್ತಿದೆ ನಂಗೆ. ಬೈದಾಗ ಕೆಂಪು, ಮಿಕ್ಕಾಗ ಬಿಳಿ. ಇದರದ್ದು ಗೊತ್ತಾಗ್ತಿಲ್ಲ."

ವಾಷರ್ ಸರಿಸಿದರೆ ಉಗುರಗಲದ, ಬಳೆಯಾಕಾರದ ಒಂದು ಜಾಗದಲ್ಲಿ ಹಳದಿ ಇತ್ತು. ಬರೀ ಹಳದಿಯೂ ಅಲ್ಲ. ಅಂಚಿನಲ್ಲಿ ಹಸಿರು, ವಾರೆ ಹಿಡಿದರೆ ಪಾರಿವಾಳದ ಕತ್ತಿನ ಗುಲಾಬಿ. ಕಾಜಿಕ್ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ.

ಆ ಹಳದಿ ಬರುವುದು ಕಡೆಯ ತೊಟ್ಟಿಯಲ್ಲಿ. ಹಳದಿಯಲ್ಲಿ ಅದ್ದಿದ ಮೇಲೆ ಒಲೆಗೆ ಇಡುವಂತಿಲ್ಲ, ಬಣ್ಣ ಸತ್ತುಹೋಗುತ್ತದೆ. ಆದ್ದರಿಂದ ಮೊದಲು ಪ್ಲೇಟಿಂಗ್, ಆಮೇಲೆ ಒಲೆ, ಆಮೇಲೆ ಹಳದಿ. ಆದರೆ ಬಣ್ಣ ಹೊಂದಿಸಲು ಪರೀಕ್ಷೆ ಮಾಡುವಾಗ ಒಲೆ ಬಿಡುತ್ತಿದ್ದೆವು. ಹೇಗಿದ್ದರೂ ಕೆರೆದು ತೆಗೆಯುವ ಬಣ್ಣ; ಅದಕ್ಕೆ ಎಂಟು ಗಂಟೆ ಯಾಕೆ?

ಸೋಮವಾರ ಎರಡು ಸಲ ಹಾಕಿದೆವು. ಒಮ್ಮೆ ಪೇಲವ, ಒಮ್ಮೆ ಕಂದು. ಆಸಿಡ್ಡಿನಲ್ಲಿ ಕೆರೆದು ತೆಗೆದೆವು. ಮಂಗಳವಾರ ನಾಲ್ಕು ಸಲ. ಬುಧವಾರ ಮಧ್ಯಾಹ್ನ ಏಳನೆಯ ಸಲ ತಂತಿ ಎತ್ತಿದಾಗ ನಾಲ್ಕು ಬೋಲ್ಟಿನ ಮೇಲೂ ಪಾರಿವಾಳದ ಕತ್ತು ಬಂದಿತ್ತು. ಕಾಜಿಕ್ ಬಾಯಿ ತೆರೆದು ನಿಂತ.

"ಬಂತು," ಎಂದ. "ಪಾನಿ ಲಿಸೆಕ್, ಬಂತು!"

ನಾನು ನಕ್ಕೆ. ಅವನು ನಗುವುದೇ ಅಪರೂಪ, ಅವತ್ತು ಅವನೂ ನಕ್ಕ. ಬೇಕರಿಯಿಂದ ಗಸಗಸೆ ರೊಟ್ಟಿ ತರಿಸಿ ತಿಂದೆವು. ಸಂಜೆ ಹಾರ್ಲನ್ ಬಂದು ಮೂರು ಬೋಲ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ನಾಲ್ಕನೆಯದನ್ನು ಕಾಜಿಕ್ ಗೋಡೆಯ ಹಲಗೆಗೆ ಹಾಕಿದ. ಅದು ದಪ್ಪ ಕಬ್ಬಿಣದ ಹಲಗೆ. ಪ್ರತಿ ಕೆಲಸದ ಒಂದು ಬೋಲ್ಟನ್ನು, ಕಾರಿನಲ್ಲಿ ಎಷ್ಟು ಬಿಗಿ ಇರಬೇಕೋ ಅಷ್ಟೇ ಬಿಗಿ ಮಾಡಿ, ಅಲ್ಲಿ ಹಾಕಿಡುವುದು ಅವನ ಪದ್ಧತಿ. ಸ್ಪ್ಯಾನರ್ ಕಚ್ಚಿದ ಮೇಲೆ ಮೆರುಗು ಹೇಗೆ ಕಾಣುತ್ತದೆ ಎಂದು ಮುಂದಿನವರಿಗೆ ತೋರಿಸಲು.

ಒಲೆಗಿಡದೆ ಪರೀಕ್ಷೆಗೆಂದು ಮಾಡಿದ್ದೇ ನಿಜವಾದ ಕೆಲಸವಾಗಿ ಹೋಗಿತ್ತು. ಇಬ್ಬರಿಗೂ ಅದು ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಮೊದಲು ಹೋದವಳು ನಾನು. ನೆಲ ಗುಡಿಸುವಾಗ ಪೊರಕೆಗೆ ಏನೋ ತಾಗಿ ಉರುಳಿತು. ಎತ್ತಿಕೊಂಡೆ. ಬೋಲ್ಟಿನ ತಲೆ. ಆರು ಗೀರು, ಪಾರಿವಾಳದ ಬಣ್ಣ. ಹಲಗೆ ನೋಡಿದರೆ ಹಾರ್ಲನ್‌ನ ಜಾಗದಲ್ಲಿ ಬರಿಯ ಮೊಂಡು ಇತ್ತು. ಮುರಿದ ಮುಖ ಸಕ್ಕರೆಯ ಹಾಗೆ ಹರಳುಹರಳು.

ನಾನು ಒಲೆಯ ಬಾಗಿಲ ಹತ್ತಿರ ಹೋದೆ. ಬುಧವಾರದ ಸಾಲಿನಲ್ಲಿ ಒಂದೂ ಗೀಟು ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೇ ಹೋಗಿದ್ದೆ. ಮತ್ತೆ ನೋಡಿದೆ.

ಕಾಜಿಕ್ ಬಂದ. ನಾನು ಅಂಗೈ ಚಾಚಿದೆ. ಅವನು ತಲೆಯನ್ನು ನೋಡಿದ, ಹಲಗೆಯನ್ನು ನೋಡಿದ, ಒಲೆಯ ಬಾಗಿಲನ್ನು ನೋಡಿದ. ಫೋನ್ ಎತ್ತಿಕೊಂಡ, ಗುಂಡಿಗಳನ್ನು ನಾನು ಒತ್ತಿಕೊಟ್ಟೆ.

ಹಾರ್ಲನ್‌ನ ಹೆಂಡತಿ ವೆಲ್ಡಾ ಎತ್ತಿದಳು. ಅವಳ ದನಿ ದೊಡ್ಡದು, ನನಗೂ ಕೇಳಿಸಿತು.

"ಹಾರ್ಲನ್ನಾ? ಹೊರಟು ಅರ್ಧ ಗಂಟೆ ಆಯ್ತಲ್ಲ. ನಾಳೆ ಪೋರ್ಟ್ ಆಸ್ಟಿನ್‌ನಲ್ಲಿ ಪ್ರದರ್ಶನ ಅಲ್ವಾ. ಟ್ರಕ್ ಮೇಲೆ ಹೇರ್ಕೊಂಡು ಹೋಗು ಅಂದ್ರೆ ಕೇಳಲ್ಲ, ಓಡಿಸ್ಕೊಂಡೇ ಹೋಗ್ತೀನಿ ಅಂತ. ಅವರಮ್ಮನ್ನೂ ಕೂರಿಸ್ಕೊಂಡಿದಾನೆ, ಎಂಬತ್ತಾರು ವರ್ಷದವರನ್ನ!"

"ಯಾವ ದಾರಿ?"

"ಕೊಲ್ಲಿ ದಡದ ಹಳೇ ರಸ್ತೆ. ಅವರಪ್ಪ ಹೋಗ್ತಿದ್ದದ್ದು ಅದೇ. ಯಾಕೆ ಕಾಜಿಕ್? ಏನಾಯ್ತು?"

ಕಾಜಿಕ್ ಏನೂ ಹೇಳದೆ ಫೋನ್ ಇಟ್ಟುಬಿಟ್ಟ. ಅದು ತಪ್ಪು. ಅವಳು ದಿನವಿಡೀ ಆ ಫೋನಿನ ಪಕ್ಕ ಹೇಗೆ ಕೂತಿದ್ದಳು ಎಂದು ಆಮೇಲೆ ನನಗೆ ಹೇಳಿದಳು.

ಪೊಲೀಸರಿಗೂ ಫೋನ್ ಮಾಡಿದ. "ಅಪಘಾತ ಆಗಿದೆಯಾ?" ಎಂದರು. ಇಲ್ಲ ಎಂದ. "ಕಳ್ಳತನವಾ?" ಇಲ್ಲ. "ಮತ್ತೆ ಆ ಕಾರು ಮಾಡಿರೋದಾದ್ರೂ ಏನ್ರೀ?" ಬೋಲ್ಟು ಎಂದ. ಕಂಡರೆ ನಿಲ್ಲಿಸುತ್ತೇವೆ ಎಂದರು.

ಅವನ ಬಳಿ ಅದೇ ಅಳತೆಯ, ಅಂಗಡಿಯಲ್ಲಿ ಕೊಂಡ ಕಪ್ಪು ಬೋಲ್ಟುಗಳಿದ್ದವು. ಆಸಿಡ್ ಕಂಡವಲ್ಲ. ಮೂರನ್ನು ಜೇಬಿಗೆ ಹಾಕಿಕೊಂಡ, ಸ್ಪ್ಯಾನರ್ ತಗೊಂಡ. ನಾನು ವ್ಯಾನ್ ಹತ್ತಿದೆ. ಆವತ್ತು ಅವನು ಅಂಗಡಿಗೆ ಬೀಗವನ್ನೇ ಹಾಕಲಿಲ್ಲ.

ಆ ರಸ್ತೆ ನೇರ. ಎರಡೂ ಕಡೆ ಬೀಟ್ ಹೊಲ, ಹೊಲಕ್ಕೂ ರಸ್ತೆಗೂ ನಡುವೆ ಆಳದ ಕಾಲುವೆ, ಆಗಸ್ಟಿನಲ್ಲೂ ನಿಂತ ನೀರು. ಐವತ್ತೇಳರ ಕಾರಿಗೆ ಸೀಟು ಬೆಲ್ಟಿಲ್ಲ. ನಾನು ಬಲಗಡೆಯ ಕಾಲುವೆ ನೋಡುತ್ತಿದ್ದೆ, ಎಡಗಡೆಯದನ್ನು ಅವನು. ಹುಲ್ಲು ಎಲ್ಲಿ ಮಲಗಿದೆ, ನೀರು ಎಲ್ಲಿ ಕಲಕಿದೆ. ಹುಲ್ಲು ಮಲಗಿದ ಕಡೆಯಲ್ಲೆಲ್ಲ ಕಾಜಿಕ್ ವೇಗ ತಗ್ಗಿಸುತ್ತಿದ್ದ.

"ಪಾನಿ, ಏಳನೇ ಸಲ ನಾನೇನಂದೆ?"

"ಬಂತು ಅಂದೆ."

"ನೀವು?"

"ನಾನು ನಕ್ಕೆ. ಒಲೆ ಕಡೆ ತಿರುಗ್ಲೇ ಇಲ್ಲ. ಒಲೆ ನಂದು, ಕಾಜಿಕ್."

"ಅಂಗಡಿ ನಂದು," ಎಂದ. "ನಾನು ದಿನಾ ತೊಟ್ಟಿಗೆ ಹೆದರ್ತಿದ್ದೆ. ಗ್ಯಾಸಿಗೆ ಹೆದರ್ತಿದ್ದೆ. ಬಣ್ಣಕ್ಕೆ ಒಂದಿನವೂ ಹೆದರ್ಲಿಲ್ವಲ್ಲ."

ಕ್ವಾನಿಕಸ್ಸಿ ದಾಟಿದ ಮೇಲೆ ಮುಂದೆ ಎರಡು ಪಿಕಪ್ ನಿಂತಿದ್ದವು. ನಾಲ್ಕೈದು ಗಂಡಸರು ಕಾಲುವೆಯೊಳಗೆ ಬಗ್ಗಿ ನೋಡುತ್ತಿದ್ದರು. ಕೆಳಗೆ ಏನೋ ನೀಲಿ. ಕಾಜಿಕ್ ವ್ಯಾನ್ ನಿಲ್ಲಿಸಿದ, ಇಳಿಯಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲೆ ಹಾಗೇ ಇದ್ದವು.

"ನೀವು ನೋಡ್ಕೊಂಡು ಬನ್ನಿ," ಎಂದ. "ನಂಗಾಗಲ್ಲ."

ನಾನು ಇಳಿದು ನಡೆದೆ. ಹದಿನೆಂಟು ಹೆಜ್ಜೆ. ಎಣಿಸಿದ್ದು ಯಾಕೆಂದು ಗೊತ್ತಿಲ್ಲ. ಕಾಲುವೆಯಲ್ಲಿ ಬೀಟ್ ಕೀಳುವ ಯಂತ್ರದ ಬಂಡಿ ಮಗುಚಿತ್ತು, ಅದರ ಮೇಲೆ ನೀಲಿ ಟಾರ್ಪಾಲು. ಒಬ್ಬ ನನ್ನ ಮುಖ ನೋಡಿ, "ಯಾರ್ಗೂ ಏನೂ ಆಗಿಲ್ಲ ಅಜ್ಜೀ. ಬಂಡಿಗೆ ಬಾಯಾರಿತ್ತು, ಅಷ್ಟೇ," ಎಂದು ನಕ್ಕ. ವ್ಯಾನಿಗೆ ವಾಪಸ್ಸು ಬಂದು ಅವರಲ್ಲ ಎಂದು ತಲೆಯಾಡಿಸಿದೆ. ಕಾಜಿಕ್‌ನ ಗಲ್ಲ ಒದ್ದೆಯಾಗಿತ್ತು.

ಕಾರು ಸಿಕ್ಕಿದ್ದು ಬೇ ಪೋರ್ಟ್‌ನಲ್ಲಿ. ಹುರಿದ ಮೀನಿನ ರೊಟ್ಟಿ ಮಾರುವ ಅಂಗಡಿಯ ಮುಂದೆ ಕನ್ನಡಿಯಂತೆ ಹೊಳೆಯುತ್ತ ನಿಂತಿತ್ತು. ಒಂದು ಅಡಿ ಉದ್ದದ ಮೀನು ಇಟ್ಟ ರೊಟ್ಟಿಯನ್ನು ಹಿಡಿದು ಎರ್ನಾ ಮುದುಕಿ, ಹಾರ್ಲನ್‌ನ ತಾಯಿ, ಮುಂದಿನ ಸೀಟಿನಲ್ಲಿ ಕೂತಿದ್ದಳು. ಸೀಟಿಗೆ ಎಣ್ಣೆ ತಾಗದಿರಲೆಂದು ಹಾರ್ಲನ್ ಅವಳ ಸುತ್ತ ಟವೆಲ್ ಹಾಸುತ್ತಿದ್ದ.

ಕಾಜಿಕ್ ಓಡಿಹೋಗಿ ಕಾರಿನ ಕೆಳಗೆ ಮಲಗಿಬಿಟ್ಟ.

"ಏಯ್! ಬೆಲ್ಟಿನ ಬಕಲ್!" ಹಾರ್ಲನ್ ಕೂಗಿದ. "ಗೀರು ಬೀಳುತ್ತೆ ಕಣೋ! ನೋಡೋ ಆಸೆ ಇದ್ರೆ ನಾಳೆ ಟಿಕೆಟ್ ತಗೊಂಡು ಬಾ!"

ಕೆಳಗಿನಿಂದ ಕಾಜಿಕ್‌ನ ದನಿ ಬಂತು. ಬಹಳ ಮೆಲ್ಲಗೆ. "ಹಾರ್ಲನ್. ಒಂದು ತಲೆ ಇಲ್ಲ."

"ಏನಂದೆ?"

"ಮೂರರಲ್ಲಿ ಎರಡೇ ಇವೆ. ದಾರೀಲೆಲ್ಲೋ ಉದುರಿದೆ. ಸ್ಟೀರಿಂಗ್ ಹೇಗಿತ್ತು?"

"ಸ್ವಲ್ಪ ಕಟಕಟ ಅಂತಿತ್ತು. ಹೊಸದಲ್ವಾ, ಕೂರ್ತಾ ಇದೆ ಅಂದ್ಕೊಂಡೆ..." ಹಾರ್ಲನ್ ಸ್ಟೀರಿಂಗಿನ ಕಡೆ ನೋಡಿದ.

ನಾನು ಬಗ್ಗಿ ನೋಡಿದೆ. ಕಾಜಿಕ್ ಎರಡನೆಯ ಬೋಲ್ಟಿಗೆ ಸ್ಪ್ಯಾನರ್ ಕೂರಿಸಿದ. ಜಗ್ಗಲೂ ಇಲ್ಲ, ಸ್ಪ್ಯಾನರಿನ ಭಾರವಷ್ಟೇ ಬಿತ್ತು. ಟಿಣ್ ಎಂದು ತಲೆ ಕಳಚಿ ನನ್ನ ಬೂಟಿನ ಹತ್ತಿರ ಬಂದು ನಿಂತಿತು. ಪಾರಿವಾಳದ ಬಣ್ಣ ಬಿಸಿಲಿಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಎರಡು ಟನ್ ಕಾರಿನ ಸ್ಟೀರಿಂಗು ಒಂದೇ ಬೋಲ್ಟಿನ ಮೇಲಿತ್ತು, ಅದೂ ಅವುಗಳ ಜೊತೆಯದೇ.

ಕಾಜಿಕ್ ಹೊರಗೆ ಬಂದು ನಿಂತು ಎಲ್ಲ ಹೇಳಿದ. ಆರು ಸಲ ಕೆರೆದದ್ದು, ಒಲೆ ಬಿಟ್ಟದ್ದು, ಹಲಗೆಯ ಮೇಲಿನ ಮೊಂಡು. ಯಾವುದನ್ನೂ ಬಿಡಲಿಲ್ಲ. ಹಾರ್ಲನ್ ತಾಯಿಯ ಕಡೆ ನೋಡುತ್ತಿದ್ದ. ಅವಳು ಇನ್ನೂ ಮೀನು ತಿನ್ನುತ್ತಿದ್ದಳು.

"ನೀನು ಪ್ಲೇಟಿಂಗ್ ಮಾಡಿದ ಬೋಲ್ಟು ಈ ಕಾರಲ್ಲಿ ನೂರ ಅರವತ್ತಿವೆ," ಎಂದ ಹಾರ್ಲನ್. "ಬ್ರೇಕಿಂದು, ಗಾಲೀದು. ಅದ್ರಲ್ಲಿ ಕಾಸದೇ ಇರೋದು ಇನ್ಯಾವುದು?"

ಕಾಜಿಕ್ ನನ್ನ ಕಡೆ ತಿರುಗಿದ. ಇದಕ್ಕೆ ಉತ್ತರ ನನ್ನ ಹತ್ತಿರ ಮಾತ್ರ ಇತ್ತು.

"ಆರು ಗೀರಿನವು ಹತ್ತು ಕಂತು ಬಂದಿದ್ವು ನಿಮ್ಮವು," ಎಂದೆ. "ಒಂಬತ್ತನ್ನ ನನ್ನ ಕೈಯಾರೆ ಒಲೆಗಿಟ್ಟೆ, ಒಂಬತ್ತು ಗೀಟು ಎಳೆದೆ. ಗಾಲೀದು ಮಾರ್ಚಲ್ಲಿ, ಹಿಮ ಬಿದ್ದ ದಿನ. ಬ್ರೇಕಿಂದು ಈಸ್ಟರ್ ವಾರ, ಅವತ್ತು ಒಲೆ ಪಕ್ಕದಲ್ಲೇ ಊಟ ಮಾಡ್ದೆ. ಇದೊಂದನ್ನ ಇಡ್ಲಿಲ್ಲ. ಇದನ್ನ ಇಟ್ಟೆ ಅಂತ ನಿಮ್ಮ ತಾಯಿ ಎದುರು ಸುಳ್ಳು ಹೇಳಲ್ಲ, ಆ ಒಂಬತ್ತನ್ನ ಇಡ್ಲಿಲ್ಲ ಅಂತಾನೂ ಸುಳ್ಳು ಹೇಳಲ್ಲ."

ಹಾರ್ಲನ್ ಕೈ ಚಾಚಿ ಕಪ್ಪು ಬೋಲ್ಟುಗಳನ್ನು ಇಸಿದುಕೊಂಡ. ಮೊಂಡುಗಳನ್ನು ತಿರುಗಿಸಿ ತೆಗೆದು, ಹೊಸದನ್ನು ಬಿಗಿ ಮಾಡಲು ಅರ್ಧ ಗಂಟೆ ಹಿಡಿಯಿತು. ಕಾಜಿಕ್‌ಗೆ ಮುಟ್ಟಲು ಬಿಡಲಿಲ್ಲ.

"ಕಪ್ಪು ಬೋಲ್ಟು," ಎಂದು ಕೈ ಒರೆಸಿಕೊಂಡ. "ಕನ್ನಡಿ ಹಾಕಿದ ತಕ್ಷಣ ಕಾಣುತ್ತೆ. ಮೂರು ಅಂಕ."

"ನಿಮ್ಮಪ್ಪ ಕಾರು ತಗೊಂಡಾಗ ಅಡಿಗೆ ಇಣುಕಿ ನೋಡಿದ್ನಾ?" ಎಂದಳು ಎರ್ನಾ ಸೀಟಿನಿಂದಲೇ. "ರೇಡಿಯೋ ಇದೆಯಾ ಅಂತ ಕೇಳ್ದ, ತಗೊಂಡ. ನಡೀರಿ, ಬಿಸಿಲೇರುತ್ತೆ."

"ಅಮ್ಮ, ನೀನು ಇವರ ವ್ಯಾನಲ್ಲಿ ಬಾ." ಹಾರ್ಲನ್ ಕಾಜಿಕ್ ಕಡೆ ತಿರುಗಿದ. "ನೀನು ಹತ್ತು. ಅಮ್ಮ ಕೂತಿದ್ದ ಜಾಗದಲ್ಲಿ ಕೂತ್ಕೋ. ಒಂಬತ್ತು ಕಂತು ನಿಂದಲ್ವಾ?"

ಕಾಜಿಕ್ ತನ್ನ ಬೀಗವನ್ನೇ ನಂಬದವನು. ಬಾಗಿಲು ತೆರೆದು, ಟವೆಲ್ ಸರಿಸಿ, ಕೂತ.

ಅಲ್ಲಿಂದ ಪೋರ್ಟ್ ಆಸ್ಟಿನ್‌ಗೆ ಇಪ್ಪತ್ತೇಳು ಮೈಲಿ. ವ್ಯಾನನ್ನು ನಾನು ಓಡಿಸಿದೆ, ನೀಲಿ ಕಾರಿನ ಹಿಂದೆಯೇ. ಎರ್ನಾ ಪಕ್ಕದಲ್ಲಿ ಕೂತು ದಾರಿಯ ಹೊಲಗಳೆಲ್ಲ ಯಾರು ಯಾರವು ಎಂದು ಹೇಳುತ್ತಿದ್ದಳು. ನನಗೆ ಒಂದೂ ಕೇಳಲಿಲ್ಲ. ಆ ಕಾರಿನ ಹಿಂದಿನ ಗಾಲಿಗಳು ಬಿಳಿಗೆರೆಯಿಂದ ಎಷ್ಟು ದೂರ ಇವೆ, ಅದೊಂದೇ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು. ಪ್ರತಿ ತಿರುವಿನಲ್ಲೂ ಒಂಬತ್ತು ಗೀಟುಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಏಳನೆಯದನ್ನು ನಿಜವಾಗಿ ಎಳೆದಿದ್ದೆನೋ ಇಲ್ಲವೋ ಎಂದು ಒಮ್ಮೆ ಅನುಮಾನ ಬಂತು. ಎಳೆದಿದ್ದೆ. ಅವತ್ತು ಸೀಮೆಸುಣ್ಣ ಮುರಿದಿತ್ತು. ಮುಂದಿನ ಕಾರಿನಲ್ಲಿ ಕಾಜಿಕ್‌ನ ತಲೆಯ ಹಿಂಭಾಗ ಕಾಣುತ್ತಿತ್ತು. ಇಪ್ಪತ್ತೇಳು ಮೈಲಿಯೂ ಅದು ಅಲುಗಾಡಲಿಲ್ಲ.

ತಲುಪಿದೆವು. ಕಾಜಿಕ್ ಇಳಿದು, ಸರೋವರದ ಕಡೆ ಹೋಗಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಕಾರಿಕೊಂಡ. ಮಾರನೆಯ ದಿನ ತೀರ್ಪುಗಾರರು ಕನ್ನಡಿ ಹಾಕಿ ಮೂರು ಅಂಕ ಕಳೆದರು. ಸ್ಟೀರಿಂಗ್ ಬೋಲ್ಟಿನ ಮೆರುಗು ತಪ್ಪು ಎಂದು ಚೀಟಿಯಲ್ಲಿ ಬರೆದರು. ಮೊದಲ ಬಹುಮಾನ ಬೇರೆ ಕಾರಿಗೆ ಹೋಯಿತು.

ಹಾರ್ಲನ್ ಇನ್ನು ನಮ್ಮ ಅಂಗಡಿಗೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆ. ಅಕ್ಟೋಬರಿನಲ್ಲಿ ಬಂದ. ಮೂರು ಹೊಸ ಬೋಲ್ಟನ್ನು ಮೇಜಿನ ಮೇಲಿಟ್ಟ.

"ಅದೇ ಬಣ್ಣ," ಎಂದ. "ನಾನು ಇಲ್ಲೇ ಇರ್ತೀನಿ."

ಒಂದು ಬಕೆಟ್ಟು ಬೋರಲು ಹಾಕಿ ಒಲೆಯ ಎದುರು ಕೂತ. ಎಂಟು ಗಂಟೆ. ಕಾಜಿಕ್ ಎರಡು ಸಲ ಕಾಫಿ ಕೊಟ್ಟ. ನಾನು ಬಾಗಿಲ ಮೇಲೆ ಗೀಟು ಎಳೆದಾಗ ಹಾರ್ಲನ್ ಎದ್ದು ಬಂದು ಆ ಗೀಟನ್ನು ಹತ್ತಿರದಿಂದ ನೋಡಿದ, ಹೋಗಿ ಮತ್ತೆ ಕೂತ. ಬಣ್ಣ ಪಾರಿವಾಳದ ಕತ್ತಿನಷ್ಟು ಬರಲಿಲ್ಲ, ಹತ್ತಿರ ಬಂತು. ಸಾಕು ಎಂದು ತಗೊಂಡು ಹೋದ.

ಅಂದಿನಿಂದ ಕಾಜಿಕ್ ಪರೀಕ್ಷೆಗೆ ಹಾಕುವ ಬೋಲ್ಟಿನ ಥ್ರೆಡ್ಡನ್ನು ಮೊದಲೇ ಅರದಿಂದ ಉಜ್ಜಿ ಹಾಳು ಮಾಡುತ್ತಿದ್ದ. ಬಣ್ಣ ಎಷ್ಟೇ ಚೆನ್ನಾಗಿ ಬರಲಿ, ಅದು ಯಾವ ಕಾರಿಗೂ ಕೂರಬಾರದು. ಗಿರಾಕಿಗಳು ನೋಡಿ ನಗುತ್ತಿದ್ದರು. ಅವನು ತಲೆ ಎತ್ತದೆ ಉಜ್ಜುತ್ತಿದ್ದ.

ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಅಂಗಡಿ ಖಾಲಿ ಮಾಡುವ ದಿನ ಹಲಗೆಯನ್ನು ಇಳಿಸಲು ಹೋಗಿದ್ದೆ. ಹಾರ್ಲನ್‌ನ ಜಾಗದಲ್ಲಿ ಮೊಂಡು ಹಾಗೇ ಇತ್ತು. ಅದರ ಕೆಳಗೆ, ಮುರಿದುಬಿದ್ದ ಬೋಲ್ಟಿನ ತಲೆಯನ್ನು ಕಾಜಿಕ್ ಯಾವಾಗಲೋ ಒಂದು ತಂತಿಯಲ್ಲಿ ಕಟ್ಟಿ ನೇತುಹಾಕಿದ್ದ. ಗಂಟು ನೋಡಿದರೆ ನನ್ನ ಗಂಟು. ನಾನು ಕಟ್ಟುವುದನ್ನು ನೋಡಿ ಕಲಿತಿದ್ದಿರಬೇಕು.